ಇಳಿವಯಸ್ಸಿನ ತಾರೆಯನ್ನು ಬಿಟ್ಟುಕೊಡಬೇಕೆ, ಉಳಿಸಿಕೊಳ್ಳಬೇಕೆ? ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಎನ್‌ಬಿಎ ತಂಡದ ಮುಂದಿರುವ ದಾರಿಗಳು

2013ರ ಜೂನ್ ಕೊನೆಯಲ್ಲಿ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ, ಬಾಸ್ಟನ್ ಸೆಲ್ಟಿಕ್ಸ್ ತಂಡವು 35 ವರ್ಷದ ಪಾಲ್ ಪಿಯರ್ಸ್ ಮತ್ತು 37 ವರ್ಷದ ಕೆವಿನ್ ಗಾರ್ನೆಟ್ ಅವರನ್ನು ಬ್ರೂಕ್ಲಿನ್ ನೆಟ್ಸ್ ತಂಡಕ್ಕೆ ಬಿಟ್ಟುಕೊಡಲು ಒಪ್ಪಿಕೊಂಡಿತು. ಐದು ವರ್ಷಗಳ ಹಿಂದೆ, 2008ರಲ್ಲಿ, ಆ ಊರಿಗೆ 22 ವರ್ಷಗಳ ನಂತರ ಪ್ರಶಸ್ತಿ ತಂದುಕೊಟ್ಟವರಲ್ಲಿ ಇವರಿಬ್ಬರೂ ಮುಂಚೂಣಿಯಲ್ಲಿದ್ದರು. ಇದಾಗಿ ಐದು ತಿಂಗಳು ತುಂಬುವುದರೊಳಗೆ, ಅದೇ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್ ಲೇಕರ್ಸ್ ತಂಡವು ಹಿಮ್ಮಡಿಯ ಸ್ನಾಯುರಜ್ಜು ಹರಿದು ಇನ್ನೂ ಅಂಗಣಕ್ಕೆ ಮರಳದಿದ್ದ 35 ವರ್ಷದ ಕೋಬಿ ಬ್ರಯಂಟ್ ಅವರಿಗೆ ಇನ್ನೆರಡು ವರ್ಷಗಳಿಗೆ 4.85 ಕೋಟಿ ಡಾಲರ್‌ಗಳ ಹೊಸ ಒಪ್ಪಂದವನ್ನು ಕೊಟ್ಟಿತು. ಎನ್‌ಬಿಎ ಇತಿಹಾಸದಲ್ಲಿ ಅತಿ ಹೆಚ್ಚು ಪ್ರಶಸ್ತಿ ಗೆದ್ದ ಎರಡು ತಂಡಗಳು ಒಂದೇ ವರ್ಷದಲ್ಲಿ ಒಂದೇ ಬಗೆಯ ಪ್ರಶ್ನೆಗೆ ತೀರಾ ವಿರುದ್ಧವಾದ ಉತ್ತರಗಳನ್ನು ಕೊಟ್ಟುಕೊಂಡವು. ಆ ಎರಡು ಉತ್ತರಗಳ ಫಲ ಏನಾಯಿತೆಂಬುದು ಈಗ ಪೂರ್ತಿಯಾಗಿ ನಮ್ಮ ಕಣ್ಣೆದುರಿಗಿರುವುದರಿಂದ, ಈ ಪ್ರಶ್ನೆಯನ್ನು ಊಹೆಗೆ ಬಿಡದೆ ಆಧಾರಸಹಿತವಾಗಿ ಹೋಲಿಸಿ ನೋಡಲು ಸಾಧ್ಯವಿದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಂಡ ನಿಜವಾಗಿಯೂ ಹೊಸದಾಗಿ ಕಟ್ಟಿಕೊಳ್ಳುತ್ತಿದೆ ಎಂದಾದರೆ, ತಾರೆಯನ್ನು ಬಿಟ್ಟುಕೊಡುವುದೇ ಬಹುತೇಕ ಸಂದರ್ಭಗಳಲ್ಲಿ ಸರಿ, ಮತ್ತು ಅದನ್ನು ಅಭಿಮಾನಿಗಳ ಮನಸ್ಸು ಒಪ್ಪುವ ಕಾಲಕ್ಕಿಂತ ಒಂದು ವರ್ಷ ಮೊದಲೇ ಮಾಡಬೇಕು. ಆದರೆ ಯಾರಿಗೆ ಕೊಡುತ್ತೇವೆ, ಬದಲಿಗೆ ಏನನ್ನು ಪಡೆಯುತ್ತೇವೆ ಎಂಬುದರ ಮೇಲೆ ಈ ಮಾತಿನ ಸತ್ಯವೆಲ್ಲ ನಿಂತಿದೆ. ಒಳ್ಳೆಯ ಬೆಲೆ ಸಿಗದಿದ್ದರೆ ಉಳಿಸಿಕೊಳ್ಳುವುದಕ್ಕೂ ಗೌರವದ ದಾರಿಯಿದೆ. ಎರಡನ್ನೂ ಮಾಡದೆ ಕಾಲ ತಳ್ಳುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಮೊದಲು ತಿಳಿದಿರಬೇಕಾದ ಲೆಕ್ಕ

ಐಪಿಎಲ್ ನೋಡಿ ಬೆಳೆದವರಿಗೆ ಎನ್‌ಬಿಎ ಟ್ರೇಡ್, ಅಂದರೆ ತಂಡಗಳ ನಡುವೆ ನಡೆಯುವ ಆಟಗಾರರ ವಿನಿಮಯ, ಮೊದಲಿಗೆ ವಿಚಿತ್ರವಾಗಿ ಕಾಣಬಹುದು. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಹೋದದ್ದು ಪೂರ್ತಿ ಹಣದ ವ್ಯವಹಾರವಾಗಿತ್ತು. ಎನ್‌ಬಿಎಯಲ್ಲಿ ದೊಡ್ಡ ಆಟಗಾರನನ್ನು ಹಾಗೆ ಹಣ ಸುರಿದು ಕೊಳ್ಳಲು ಬರುವುದಿಲ್ಲ. ತಂಡಗಳಿಗೆ ವೇತನ ಮಿತಿ ಇದೆ, ಮಿತಿ ದಾಟಿದ ತಂಡಗಳು ತರಿಸಿಕೊಳ್ಳುವ ಆಟಗಾರನ ವೇತನಕ್ಕೆ ಹೆಚ್ಚುಕಡಿಮೆ ಸರಿದೂಗುವಷ್ಟು ವೇತನದ ಆಟಗಾರರನ್ನು ಬದಲಿಗೆ ಕಳಿಸಬೇಕು, ಮತ್ತು ಅದರ ಮೇಲೆ ಕೊಡುವ ನಿಜವಾದ ಬೆಲೆಯೆಂದರೆ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕು. ಈ ಹಕ್ಕನ್ನು ಏಳು ವರ್ಷಗಳ ಮುಂದಿನವರೆಗೆ ಮಾತ್ರ ಮಾರಬಹುದು, ಮತ್ತು ಯಾವ ತಂಡವೂ ಎದುರಿಗಿರುವ ಎರಡು ವರ್ಷ ಒಂದರ ಹಿಂದೊಂದರಂತೆ ಮೊದಲ ಸುತ್ತಿನ ಆಯ್ಕೆಯೇ ಇಲ್ಲದ ಸ್ಥಿತಿಗೆ ತನ್ನನ್ನು ತಂದುಕೊಳ್ಳುವಂತಿಲ್ಲ.

ಸೋತ ತಂಡಗಳಿಗೆ ಡ್ರಾಫ್ಟ್‌ನಲ್ಲಿ ಮುಂಚಿನ ಸರದಿ ಸಿಗುತ್ತದೆ ಎಂಬುದು ಸ್ಥೂಲವಾದ ಮಾತು. ಡ್ರಾಫ್ಟ್‌ನ ಮೊದಲ ಕೆಲವು ಸರದಿಗಳನ್ನು ಚೀಟಿಯೆತ್ತಿ ನಿರ್ಧರಿಸುವ ಲಾಟರಿಯ 2019ರಿಂದ ಜಾರಿಯಲ್ಲಿದ್ದ ನಿಯಮದಂತೆ ಅತ್ಯಂತ ಹಿಂದುಳಿದ ಮೂರು ತಂಡಗಳಿಗೆ ಮೊದಲ ಸ್ಥಾನ ದೊರೆಯುವ ಸಾಧ್ಯತೆ ತಲಾ 14 ಪ್ರತಿಶತ ಮಾತ್ರ ಇತ್ತು, ಮತ್ತು ಎಲ್ಲರಿಗಿಂತ ಕೆಳಗಿದ್ದ ತಂಡವೂ ಐದನೆಯ ಸ್ಥಾನಕ್ಕೆ ಜಾರಬಹುದಿತ್ತು. ಡೆಟ್ರಾಯಿಟ್ ಪಿಸ್ಟನ್ಸ್ ಹಾಗೆ ಎರಡು ಸಲ ಜಾರಿತು. 2022-23ರಲ್ಲಿ 82 ಪಂದ್ಯಗಳಲ್ಲಿ 17, ಮರುವರ್ಷ 14 ಪಂದ್ಯಗಳನ್ನಷ್ಟೇ ಗೆದ್ದ ಆ ತಂಡಕ್ಕೆ ಎರಡೂ ಸಲ ಸಿಕ್ಕಿದ್ದು ಐದನೆಯ ಆಯ್ಕೆ. 2025ರಲ್ಲಿ ಯೂಟಾ ಜಾಜ್ ತಂಡಕ್ಕೂ ಅದೇ ಗತಿಯಾಯಿತು. ಆ ವರ್ಷದ ಮೊದಲ ಸ್ಥಾನ 1.8 ಪ್ರತಿಶತ ಸಾಧ್ಯತೆಯಷ್ಟೇ ಇದ್ದ ಡಲಾಸ್ ಮ್ಯಾವೆರಿಕ್ಸ್ ಪಾಲಾಯಿತು. ಆದ್ದರಿಂದ "ತಾರೆಯನ್ನು ಕಳಿಸಿ ಒಂದೆರಡು ವರ್ಷ ಸೋತರೆ ಸಾಕು, ಮುಂದಿನ ತಾರೆ ತಾನಾಗಿ ಬರುತ್ತಾನೆ" ಎಂಬ ಲೆಕ್ಕ ನಿಲ್ಲುವುದಿಲ್ಲ. ಬಿಟ್ಟುಕೊಡುವುದರ ಲಾಭ ನಮ್ಮ ಸೋಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ಕೊಂಡವರು ಕೊಟ್ಟ ಹಕ್ಕುಗಳಿಂದ ಬರಬೇಕು.

ಬೇಗ ಬಿಟ್ಟುಕೊಡುವುದು: ಬಾಸ್ಟನ್ ನಡೆದ ದಾರಿ

ಗಾರ್ನೆಟ್ ಮತ್ತು ಪಿಯರ್ಸ್ ಅವರ ಬದಲಿಗೆ ಬಾಸ್ಟನ್‌ಗೆ ಬಂದ ಆಟಗಾರರಲ್ಲಿ ಯಾರೂ ಅಲ್ಲಿ ಬಹುಕಾಲ ಉಳಿಯಲಿಲ್ಲ. ಉಳಿದದ್ದು ಬ್ರೂಕ್ಲಿನ್‌ನ 2014, 2016 ಮತ್ತು 2018ರ ಮೊದಲ ಸುತ್ತಿನ ಆಯ್ಕೆಗಳು, ಜೊತೆಗೆ 2017ರಲ್ಲಿ ತನ್ನ ಆಯ್ಕೆಯನ್ನು ಬ್ರೂಕ್ಲಿನ್‌ನ ಆಯ್ಕೆಯೊಂದಿಗೆ ಅದಲುಬದಲು ಮಾಡಿಕೊಳ್ಳುವ ಹಕ್ಕು. 2014ರ ಆಯ್ಕೆಯಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 2016ರದು ಮೂರನೆಯ ಸ್ಥಾನಕ್ಕೆ ಬಂದು ಜೇಲೆನ್ ಬ್ರೌನ್ ದೊರೆತರು. 2017ರದು ಲಾಟರಿಯಲ್ಲಿ ಮೊದಲ ಸ್ಥಾನವನ್ನೇ ಪಡೆಯಿತು. ಬಾಸ್ಟನ್‌ನ ಅಂದಿನ ಮುಖ್ಯಸ್ಥ ಡ್ಯಾನಿ ಐಂಜ್ ಅದನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟು, ಮೂರನೆಯ ಸ್ಥಾನವನ್ನೂ ಮುಂದಿನ ಇನ್ನೊಂದು ಆಯ್ಕೆಯನ್ನೂ ಪಡೆದು, ತಮಗೆ ಬೇಕಾಗಿದ್ದ ಜೇಸನ್ ಟೇಟಮ್ ಅವರನ್ನು ಆರಿಸಿಕೊಂಡರು. 2018ರದು ಕೈರಿ ಇರ್ವಿಂಗ್ ಅವರನ್ನು ತರಲು ಖರ್ಚಾಯಿತು. 2024ರಲ್ಲಿ ಸೆಲ್ಟಿಕ್ಸ್ ಮತ್ತೆ ಪ್ರಶಸ್ತಿ ಗೆದ್ದಾಗ ಟೇಟಮ್ ಮತ್ತು ಬ್ರೌನ್ ಆ ತಂಡದ ಎರಡು ಕಂಬಗಳಾಗಿದ್ದರು, ಮತ್ತು ಅಂತಿಮ ಸರಣಿಯ ಶ್ರೇಷ್ಠ ಆಟಗಾರನ ಗೌರವ ಬ್ರೌನ್ ಅವರಿಗೆ ಸಂದಿತು.

ಈ ಕಥೆಯನ್ನು ಸಾಮಾನ್ಯವಾಗಿ ಬ್ರೂಕ್ಲಿನ್ ಮಾಡಿಕೊಂಡ ತಪ್ಪಿನ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಅಂಶ ಹೆಚ್ಚು ಮುಖ್ಯವೆನಿಸುತ್ತದೆ. ಬಾಸ್ಟನ್ 2013-14ರಲ್ಲಿ 25 ಪಂದ್ಯಗಳನ್ನಷ್ಟೇ ಗೆದ್ದಿತು ನಿಜ, ಆದರೆ ಮರುವರ್ಷವೇ ಪ್ಲೇಆಫ್‌ಗೆ ಮರಳಿತು, ಮತ್ತು 2016-17ರಲ್ಲಿ 53 ಪಂದ್ಯ ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನದಲ್ಲಿತ್ತು. ಅದೇ ವರ್ಷ ಡ್ರಾಫ್ಟ್‌ನ ಮೊದಲ ಸ್ಥಾನ ಅದರ ಕೈಗೆ ಬಂದದ್ದು 20 ಪಂದ್ಯಗಳನ್ನಷ್ಟೇ ಗೆದ್ದಿದ್ದ ಬ್ರೂಕ್ಲಿನ್‌ನ ಸೋಲಿನಿಂದ. ಸೋಲುವ ಕೆಲಸವನ್ನು ಇನ್ನೊಂದು ತಂಡ ಮಾಡುತ್ತಿದ್ದಾಗ ಬಾಸ್ಟನ್‌ನ ಎಳೆಯ ಆಟಗಾರರು ಗೆಲ್ಲುವ ತಂಡದಲ್ಲಿ ಆಡುತ್ತ ಬೆಳೆದರು. ತಾರೆಯನ್ನು ಕೊಡುವಾಗ ಯಾವ ತಂಡದ ಆಯ್ಕೆಗಳನ್ನು ಪಡೆಯುತ್ತೇವೆ ಎಂಬುದು ಎಷ್ಟು ಆಯ್ಕೆಗಳನ್ನು ಪಡೆಯುತ್ತೇವೆ ಎಂಬುದಕ್ಕಿಂತ ದೊಡ್ಡ ವಿಷಯ ಎಂದು ನಾನು ನಂಬುವುದು ಈ ಕಾರಣಕ್ಕಾಗಿ. ಕೊಳ್ಳುವ ತಂಡದ ಮುಖ್ಯ ಆಟಗಾರರೂ ಮೂವತ್ತು ದಾಟಿದವರೋ, ಅವರ ಒಪ್ಪಂದಗಳು ಯಾವಾಗ ಮುಗಿಯುತ್ತವೆ, ನಮಗೆ ಬರುವ ಆಯ್ಕೆಗಳು ಆ ತಂಡ ಕುಸಿಯಬಹುದಾದ ವರ್ಷಗಳಿಗೆ ಸೇರಿದವೋ ಎಂದು ನೋಡಬೇಕು. ಕೊಂಡ ತಂಡ ಅಗ್ರಸ್ಥಾನದಲ್ಲಿರುವಾಗಲೇ ಕೈಗೆ ಬರುವ ಮೊದಲ ಸುತ್ತಿನ ಆಯ್ಕೆಯು ಇಪ್ಪತ್ತೇಳನೆಯದೋ ಮೂವತ್ತನೆಯದೋ ಆಗಿರುತ್ತದೆ, ಮತ್ತು ಅದರಿಂದ ತಂಡ ಕಟ್ಟಲಾಗುವುದಿಲ್ಲ.

ಹೀಗಿದ್ದರೂ ಪ್ರತಿ ತಂಡಕ್ಕೂ ಒಂದು ಬ್ರೂಕ್ಲಿನ್ ಸಿಕ್ಕೀತೆಂದು ಎಣಿಸಬಾರದು. 37 ಮತ್ತು 35 ವರ್ಷದ ಇಬ್ಬರಿಗೆ ಯಾವ ಷರತ್ತೂ ಇಲ್ಲದ ಮೂರು ಮೊದಲ ಸುತ್ತಿನ ಆಯ್ಕೆಗಳು ದೊರೆಯುವುದು ಅಪರೂಪಕ್ಕೆ ಅಪರೂಪ. ಆ ಟ್ರೇಡ್‌ನಿಂದ ಬ್ರೂಕ್ಲಿನ್ ಗೆದ್ದದ್ದು ಪ್ಲೇಆಫ್‌ನ ಒಂದೇ ಒಂದು ಸರಣಿಯನ್ನು. ಪಿಯರ್ಸ್ ಒಂದೇ ವರ್ಷದ ನಂತರ ಬೇರೆ ತಂಡ ಸೇರಿದರು, ಗಾರ್ನೆಟ್ ಮರುವರ್ಷ ಫೆಬ್ರವರಿಯಲ್ಲಿ ಮಿನಸೋಟಾಕ್ಕೆ ಮರಳಿದರು. ಆ ಉದಾಹರಣೆ ಕಣ್ಣ ಮುಂದಿರುವಾಗ ಇಂದು ವಯಸ್ಸಾದ ತಾರೆಯ ಬೆಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ಕೆವಿನ್ ಡ್ಯುರಾಂಟ್ ಅವರೇ ಸಾಕ್ಷಿ. 2023ರ ಫೆಬ್ರವರಿಯಲ್ಲಿ, 34 ವರ್ಷದ ಅವರಿಗಾಗಿ ಫೀನಿಕ್ಸ್ ಸನ್ಸ್ ತಂಡವು ಮಿಕಾಲ್ ಬ್ರಿಡ್ಜಸ್, ಕ್ಯಾಮ್ ಜಾನ್ಸನ್ ಅವರ ಜೊತೆಗೆ ನಾಲ್ಕು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟಿತು. 2025ರ ಬೇಸಿಗೆಯಲ್ಲಿ ಅದೇ ಫೀನಿಕ್ಸ್ 36 ವರ್ಷದ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಾಗ ಬಂದದ್ದು ಜೇಲೆನ್ ಗ್ರೀನ್, ಡಿಲನ್ ಬ್ರೂಕ್ಸ್, ಒಂದು ಮೊದಲ ಸುತ್ತಿನ ಆಯ್ಕೆ ಮತ್ತು ಕೆಲವು ಎರಡನೆಯ ಸುತ್ತಿನ ಆಯ್ಕೆಗಳು. ಎರಡು ವರ್ಷಗಳಲ್ಲಿ ಡ್ಯುರಾಂಟ್ ಅವರ ಆಟ ಅಷ್ಟೊಂದು ಕುಗ್ಗಿರಲಿಲ್ಲ. ಕುಗ್ಗಿದ್ದು ಅವರ ಮುಂದೆ ಉಳಿದಿದ್ದ ವರ್ಷಗಳು ಮತ್ತು ಒಪ್ಪಂದದಲ್ಲಿ ಉಳಿದಿದ್ದ ಕಾಲ. ಕೊಳ್ಳುವವರು ಬೆಲೆ ಕಟ್ಟುವುದು ಅವೆರಡಕ್ಕೇ.

ಕೊನೆಯವರೆಗೂ ಉಳಿಸಿಕೊಳ್ಳುವುದು: ಲೇಕರ್ಸ್ ಮತ್ತು ಡಲಾಸ್

ಉಳಿಸಿಕೊಳ್ಳುವುದು ಎಂದರೆ ಒಂದೇ ದಾರಿಯಲ್ಲ. ಲೇಕರ್ಸ್ ಕೊಟ್ಟ ಒಪ್ಪಂದದಂತೆ 2014-15 ಮತ್ತು 2015-16ರ ಋತುಗಳಲ್ಲಿ ತಂಡದ ವೇತನ ಮಿತಿಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಣ ಬ್ರಯಂಟ್ ಒಬ್ಬರಿಗೇ ಮೀಸಲಾಯಿತು. ಒಪ್ಪಂದಕ್ಕೆ ಸಹಿ ಬಿದ್ದ ಋತುವಿನಲ್ಲಿ ಅವರು 6 ಪಂದ್ಯಗಳನ್ನೂ, ನಂತರದ್ದರಲ್ಲಿ 35 ಪಂದ್ಯಗಳನ್ನೂ ಆಡಿದರು. ತಂಡ ಕ್ರಮವಾಗಿ 27, 21 ಮತ್ತು 17 ಪಂದ್ಯಗಳನ್ನು ಗೆದ್ದಿತು. ಕೊನೆಯ ಋತುವಂತೂ ಊರೂರಿಗೆ ಹೋಗಿ ಬೀಳ್ಕೊಡುಗೆ ಪಡೆಯುವ ಋತುವಾಯಿತು. ಹಿರಿಯರ ಕೈಗೇ ಚೆಂಡು ಹೋಗುತ್ತಿದ್ದ ಆ ತಿಂಗಳುಗಳಲ್ಲಿ ಡಿ'ಆಂಜೆಲೊ ರಸೆಲ್, ಜೂಲಿಯಸ್ ರ‍್ಯಾಂಡಲ್ ಅವರಂಥ ಎಳೆಯರು ತಮ್ಮ ಆಟವನ್ನು ತಾವೇ ನಡೆಸಿ ಕಲಿಯುವ ಅವಕಾಶ ಕಡಿಮೆಯಾಯಿತು.

ಆದರೆ ಲೇಕರ್ಸ್ ಮಾಡಿದ್ದು ಪೂರ್ತಿ ತಪ್ಪು ಎಂದು ಹೇಳಿ ಮುಂದೆ ಹೋಗಲು ಆಗುವುದಿಲ್ಲ, ಏಕೆಂದರೆ ಬಾಸ್ಟನ್‌ಗಿಂತ ನಾಲ್ಕು ವರ್ಷ ಮೊದಲು, 2020ರಲ್ಲಿಯೇ, ಪ್ರಶಸ್ತಿ ಗೆದ್ದದ್ದು ಅವರು. ಆ ಗೆಲುವು ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡಬೇಕು. 2018ರಲ್ಲಿ ಲೆಬ್ರಾನ್ ಜೇಮ್ಸ್ ತಾವಾಗಿಯೇ ಲಾಸ್ ಏಂಜಲೀಸನ್ನು ಆರಿಸಿಕೊಂಡು ಬಂದರು. ಮರುವರ್ಷ ಬ್ರ್ಯಾಂಡನ್ ಇಂಗ್ರಾಮ್, ಲಾಂಜೊ ಬಾಲ್, ಜಾಶ್ ಹಾರ್ಟ್ ಮತ್ತು ಕೆಲವು ಆಯ್ಕೆಗಳನ್ನು ಕೊಟ್ಟು ಆಂಥನಿ ಡೇವಿಸ್ ಅವರನ್ನು ತರಲಾಯಿತು. ಇಂಗ್ರಾಮ್ 2016ರ ಎರಡನೆಯ ಆಯ್ಕೆ, ಬಾಲ್ 2017ರ ಎರಡನೆಯ ಆಯ್ಕೆ, ಅವರಿಗೂ ಮೊದಲು ರಸೆಲ್ 2015ರ ಎರಡನೆಯ ಆಯ್ಕೆ. ಸ್ಟೀವ್ ನ್ಯಾಶ್ ಅವರನ್ನು 2012ರಲ್ಲಿ ತರುವಾಗ ಲೇಕರ್ಸ್ ತನ್ನದೊಂದು ಆಯ್ಕೆಯನ್ನು ಷರತ್ತಿನ ಮೇಲೆ ಕೊಟ್ಟುಬಿಟ್ಟಿತ್ತು, ಮತ್ತು ಆ ಮೂರೂ ವರ್ಷ ಲಾಟರಿಯಲ್ಲಿ ಸ್ಥಾನ ಸ್ವಲ್ಪ ಕೆಳಗೆ ಜಾರಿದ್ದರೂ ಆಯ್ಕೆ ಕೈತಪ್ಪಿ ಹೋಗುತ್ತಿತ್ತು. ಮೂರು ಸಲವೂ ಅದೃಷ್ಟ ಕೈಹಿಡಿಯಿತು. ಇಂಥ ಅದೃಷ್ಟವನ್ನೂ, ದೊಡ್ಡ ಆಟಗಾರರು ತಾವಾಗಿಯೇ ಬಂದು ನೆಲೆಸಲು ಬಯಸುವ ಊರನ್ನೂ ಎಲ್ಲ ತಂಡಗಳೂ ನೆಚ್ಚಿಕೊಳ್ಳಲಾಗುವುದಿಲ್ಲ. ಮಿಲ್ವಾಕೀ, ಒಕ್ಲಹೋಮ ಸಿಟಿ, ಪೋರ್ಟ್‌ಲೆಂಡ್‌ನಂಥ ಊರುಗಳ ತಂಡಗಳಿಗೆ ಲೇಕರ್ಸ್ ಮಾದರಿ ಅನುಸರಿಸಲು ತಕ್ಕುದಲ್ಲ.

ಡಲಾಸ್ ಮ್ಯಾವೆರಿಕ್ಸ್ ತಂಡ ಡರ್ಕ್ ನೊವಿಟ್ಸ್ಕಿ ಅವರನ್ನು ಉಳಿಸಿಕೊಂಡ ರೀತಿ ಬೇರೆ. 2011ರಲ್ಲಿ ತಂಡಕ್ಕೆ ಮೊದಲ ಪ್ರಶಸ್ತಿ ತಂದ ಅವರು 2014ರಲ್ಲಿ ಮೂರು ವರ್ಷಗಳಿಗೆ 2.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಆ ಮೊದಲ ವರ್ಷದ ಸಂಬಳ ವೇತನ ಮಿತಿಯ ಸುಮಾರು ಎಂಟನೇ ಒಂದು ಭಾಗವಷ್ಟೇ ಆಗಿತ್ತು. 2017ರ ಬೇಸಿಗೆಯಲ್ಲಿ, 39ನೆಯ ವಯಸ್ಸಿನಲ್ಲಿ, ವರ್ಷಕ್ಕೆ 2.5 ಕೋಟಿ ಸಿಗಬಹುದಾಗಿದ್ದ ಒಪ್ಪಂದದ ಬದಲಿಗೆ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್‌ನ ಹೊಸ ಒಪ್ಪಂದಕ್ಕೆ ಬಂದರು. 2017-18ರಲ್ಲಿ ತಂಡ 24 ಪಂದ್ಯಗಳನ್ನಷ್ಟೇ ಗೆದ್ದು ಐದನೆಯ ಆಯ್ಕೆಯನ್ನು ಪಡೆಯಿತು, ಅದಕ್ಕೆ ಮುಂದಿನ ಇನ್ನೊಂದು ಆಯ್ಕೆಯನ್ನು ಸೇರಿಸಿ ಅಟ್ಲಾಂಟಾಕ್ಕೆ ಕೊಟ್ಟು ಲೂಕಾ ಡಾನ್ಚಿಚ್ ಅವರನ್ನು ಪಡೆಯಿತು. ನೊವಿಟ್ಸ್ಕಿ ತಮ್ಮ 21ನೆಯ ಮತ್ತು ಕೊನೆಯ ಋತುವನ್ನು ಡಾನ್ಚಿಚ್ ಜೊತೆಯಲ್ಲಿ, ಬಹುಮಟ್ಟಿಗೆ ಬೆಂಚಿನಿಂದ ಬಂದು, ಆಡಿದರು. ಇಲ್ಲಿ ತಾರೆ ತಂಡದ ಹಣವನ್ನೂ, ಚೆಂಡನ್ನೂ, ಆಟದ ಸಮಯವನ್ನೂ ಎಳೆಯರಿಗೆ ಬಿಟ್ಟುಕೊಟ್ಟರು. ಉಳಿಸಿಕೊಳ್ಳುವುದು ಸರಿಯಾಗುವುದು ಈ ಮೂರೂ ಒಟ್ಟಿಗೆ ಆದಾಗ ಮಾತ್ರ.

ಆದರೂ ಒಂದು ಮಾತನ್ನು ಮನಸ್ಸಿಟ್ಟು ಹೇಳಬೇಕು. 2016ರ ಏಪ್ರಿಲ್ 14ರ ಬೆಳಿಗ್ಗೆ, ನಮ್ಮಲ್ಲಿ ತಿಂಡಿಯ ಹೊತ್ತಿಗೆ, ಬ್ರಯಂಟ್ ಅವರ ಕೊನೆಯ ಪಂದ್ಯವನ್ನು ಕೂತು ನೋಡಿದ್ದು ನನಗೆ ಇಂದಿಗೂ ನಿನ್ನೆಯಷ್ಟು ಹಸಿರಾಗಿದೆ. ಯೂಟಾ ವಿರುದ್ಧ ಅವರು 50 ಬಾರಿ ಚೆಂಡೆಸೆದು 60 ಅಂಕ ಗಳಿಸಿದರು, ತಂಡವೂ ಗೆದ್ದಿತು. 17 ಪಂದ್ಯ ಗೆದ್ದ ತಂಡದ ಆ ಋತುವಿನಲ್ಲಿ ಜನ ನೆನಪಿಟ್ಟುಕೊಂಡಿರುವುದು ಅದನ್ನೇ. ಇಂಥ ರಾತ್ರಿಗೆ ಇಷ್ಟು ಆಯ್ಕೆಗಳು ಎಂದು ಬೆಲೆ ಕಟ್ಟಲು ನನ್ನಿಂದ ಆಗುವುದಿಲ್ಲ, ಮತ್ತು ಅದಕ್ಕೆ ಬೆಲೆಯೇ ಇಲ್ಲವೆಂದು ವಾದಿಸುವವರ ಜೊತೆ ನಾನು ನಿಲ್ಲುವುದೂ ಇಲ್ಲ. ತಂಡವೊಂದು ಎಲ್ಲ ಲೆಕ್ಕವನ್ನೂ ತಿಳಿದು, ಮೂರು ವರ್ಷ ಹಿಂದೆ ಬೀಳುವುದನ್ನು ಒಪ್ಪಿಕೊಂಡು, ತನ್ನ ಮಹಾನ್ ಆಟಗಾರನಿಗೆ ಈ ಗೌರವ ಸಲ್ಲಿಸುತ್ತೇನೆ ಎಂದರೆ ಅದು ತಿಳಿದು ಮಾಡಿದ ಆಯ್ಕೆ. ಅದನ್ನೇ ತಂಡ ಕಟ್ಟುವ ಯೋಜನೆ ಎಂದು ಕರೆದುಕೊಂಡಾಗ ಮಾತ್ರ ತಕರಾರು ತೆಗೆಯಬೇಕಾಗುತ್ತದೆ.

ಒಂದು ಋತು ಆಡಿಸಿ ನಂತರ ಕೊಡುವುದು

ಹೆಚ್ಚು ಜನ ಗಮನಿಸದ, ಆದರೆ ಸಣ್ಣ ಊರಿನ ತಂಡಗಳಿಗೆ ಬಹಳ ಉಪಯುಕ್ತವಾದ ದಾರಿ ಇದು. 2019ರ ಜುಲೈನಲ್ಲಿ ಒಕ್ಲಹೋಮ ಸಿಟಿ ಥಂಡರ್ ತಂಡವು ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್ ತಂಡಕ್ಕೂ ರಸೆಲ್ ವೆಸ್ಟ್‌ಬ್ರುಕ್ ಅವರನ್ನು ಹ್ಯೂಸ್ಟನ್‌ಗೂ ಕೊಟ್ಟು ಹೊಸದಾಗಿ ಕಟ್ಟಿಕೊಳ್ಳಲು ಶುರುಮಾಡಿತು. ವೆಸ್ಟ್‌ಬ್ರುಕ್ ಬದಲಿಗೆ ಬಂದವರು 34 ವರ್ಷದ ಕ್ರಿಸ್ ಪಾಲ್. ಅವರ ಒಪ್ಪಂದದಲ್ಲಿ ಇನ್ನೂ ಮೂರು ವರ್ಷಗಳಿಗೆ ಸುಮಾರು 12.4 ಕೋಟಿ ಡಾಲರ್ ಬಾಕಿಯಿತ್ತು, ಗಾಯಗಳ ಇತಿಹಾಸವಿತ್ತು, ಮತ್ತು ಅವರನ್ನು ಹೊರೆಯೆಂದೇ ಎಲ್ಲರೂ ಎಣಿಸಿದ್ದರು. ಹ್ಯೂಸ್ಟನ್ ಅವರ ಜೊತೆಗೆ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಎರಡು ಅದಲುಬದಲಿನ ಹಕ್ಕುಗಳನ್ನೂ ಕೊಟ್ಟಿತ್ತು.

ಥಂಡರ್ ತಕ್ಷಣ ಅವರನ್ನು ಯಾರಿಗಾದರೂ ಸಾಗಿಸಲು ಅವಸರಪಡಲಿಲ್ಲ. ತಂಡದ ಚುಕ್ಕಾಣಿಯನ್ನು ಅವರಿಗೆ ಕೊಟ್ಟಿತು. 2019-20ರ ಮೊಟಕಾದ ಋತುವಿನಲ್ಲಿ ತಂಡ 44 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು, ಪಾಲ್ ನಾಲ್ಕು ವರ್ಷಗಳ ನಂತರ ಲೀಗ್‌ನ ಆಯ್ದ ತಾರೆಯರಷ್ಟೇ ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಮರಳಿದರು, ಮತ್ತು ಅವರ ಪಕ್ಕದಲ್ಲಿ ಆಡಿದ 21 ವರ್ಷದ ಶೇ ಗಿಲ್ಜಸ್-ಅಲೆಕ್ಸಾಂಡರ್ ಆಟವನ್ನು ನಡೆಸುವುದು ಹೇಗೆಂಬುದನ್ನು ಅತ್ಯುತ್ತಮ ಗುರುವೊಬ್ಬರ ಕೈಕೆಳಗೆ ಕಲಿತರು. ಆ ನವೆಂಬರ್‌ನಲ್ಲಿ ಫೀನಿಕ್ಸ್ ತಂಡ ಪಾಲ್ ಅವರಿಗಾಗಿ ಆಟಗಾರರನ್ನೂ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ ಕೊಟ್ಟಿತು. ಅಂದರೆ ಒಂದು ವರ್ಷದ ಹಿಂದೆ ಒಪ್ಪಿಸಿಕೊಳ್ಳುವವರಿಗೆ ಆಯ್ಕೆಗಳನ್ನು ಸೇರಿಸಿ ಕೊಡಬೇಕಾಗಿದ್ದ ಅದೇ ಒಪ್ಪಂದಕ್ಕೆ ಈಗ ಕೊಳ್ಳುವವರೇ ಬೆಲೆ ತೆತ್ತರು. ಫೀನಿಕ್ಸ್‌ಗೂ ನಷ್ಟವಾಗಲಿಲ್ಲ, 2021ರಲ್ಲಿ ಅದು ಎನ್‌ಬಿಎ ಫೈನಲ್ಸ್ ತಲುಪಿತು. ಥಂಡರ್ ಮುಂದಿನ ಎರಡು ಋತುಗಳಲ್ಲಿ 22 ಮತ್ತು 24 ಪಂದ್ಯಗಳನ್ನಷ್ಟೇ ಗೆದ್ದು, 2022ರಲ್ಲಿ ಚೆಟ್ ಹೋಮ್‌ಗ್ರೆನ್ ಅವರನ್ನೂ, ಕ್ಲಿಪ್ಪರ್ಸ್ ಕೊಟ್ಟಿದ್ದ ಆಯ್ಕೆಯಿಂದ ಜೇಲೆನ್ ವಿಲಿಯಮ್ಸ್ ಅವರನ್ನೂ ಪಡೆದು, 2025ರಲ್ಲಿ ಪ್ರಶಸ್ತಿ ಗೆದ್ದಿತು.

ಈ ದಾರಿಯ ಅಪಾಯವೂ ಸ್ಪಷ್ಟವಾಗಿಯೇ ಇದೆ. ಆ ಒಂದು ಋತುವಿನಲ್ಲಿ ಮಂಡಿಗೋ ಹಿಮ್ಮಡಿಗೋ ಪೆಟ್ಟಾದರೆ ಕೊಳ್ಳುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ಇದು ಈಗಾಗಲೇ ಬೆಲೆ ಬಿದ್ದಿರುವ ತಾರೆಗೆ ಹೊಂದುವ ದಾರಿ. ಬೆಲೆ ಮೇಲಿರುವಾಗ ಇನ್ನೂ ಏರೀತೆಂದು ಕಾಯುವುದಕ್ಕೆ ಪಾಲ್ ಅವರ ಉದಾಹರಣೆಯನ್ನು ಆಧಾರ ಮಾಡಿಕೊಳ್ಳಬಾರದು. ವಯಸ್ಸಾದ ಆಟಗಾರ ಯಾವ ಬಗೆಯವನು ಎಂಬುದನ್ನೂ ನೋಡಬೇಕು: ಕಣ್ಣಳತೆ, ಪಾಸ್ ಮತ್ತು ದೂರದಿಂದ ಚೆಂಡೆಸೆಯುವ ಕೌಶಲದ ಮೇಲೆ ನಿಂತವರ ಆಟ ನಿಧಾನವಾಗಿ ಇಳಿಯುತ್ತದೆ, ವೇಗ ಮತ್ತು ಜಿಗಿತವನ್ನು ನೆಚ್ಚಿದವರದು ತಟ್ಟನೆ ಇಳಿಯುತ್ತದೆ.

ತಾರೆಯೇ ಕೇಳುವವರೆಗೆ ಕಾಯುವುದು

ಬಹುಪಾಲು ತಂಡಗಳು ನಿಜವಾಗಿ ಹಿಡಿಯುವುದು ಈ ದಾರಿಯನ್ನು, ಏಕೆಂದರೆ ಇದರಲ್ಲಿ ನಿರ್ಧಾರದ ಭಾರ ತಂಡದ ಮೇಲೆ ಬೀಳುವುದಿಲ್ಲ. ಪೋರ್ಟ್‌ಲೆಂಡ್ ಟ್ರೈಲ್ ಬ್ಲೇಜರ್ಸ್ 2021-22ರಲ್ಲಿ 27 ಪಂದ್ಯ ಗೆದ್ದ ಮೇಲೆ, 2022ರ ಜುಲೈನಲ್ಲಿ, ಡೇಮಿಯನ್ ಲಿಲ್ಲಾರ್ಡ್ ಅವರ ಒಪ್ಪಂದವನ್ನು ಇನ್ನೆರಡು ವರ್ಷ, 12.2 ಕೋಟಿ ಡಾಲರ್‌ಗೆ ವಿಸ್ತರಿಸಿತು. ಒಂದು ವರ್ಷ ಕಳೆಯುವುದರೊಳಗೆ ಅವರು ತಮ್ಮನ್ನು ಟ್ರೇಡ್ ಮಾಡುವಂತೆ, ಅದೂ ಮಯಾಮಿಗೇ ಕಳಿಸುವಂತೆ, ಕೇಳಿದರು. ಪೋರ್ಟ್‌ಲೆಂಡ್ ಸೆಪ್ಟೆಂಬರ್‌ವರೆಗೆ ತಾಳಿಕೊಂಡು ಮಿಲ್ವಾಕೀ ಬಕ್ಸ್ ಜೊತೆ ಒಪ್ಪಂದಕ್ಕೆ ಬಂದದ್ದು ಮೆಚ್ಚಬೇಕಾದ ಸಂಗತಿ. ಆ ಟ್ರೇಡ್‌ನಿಂದ ಜ್ರೂ ಹಾಲಿಡೇ, ಡಿಆಂಡ್ರೆ ಏಟನ್, ಟುಮಾನಿ ಕಮಾರಾ ಬಂದರು, ಜೊತೆಗೆ ಮಿಲ್ವಾಕೀಯ 2029ರ ಆಯ್ಕೆ ಮತ್ತು 2028, 2030ರ ಅದಲುಬದಲಿನ ಹಕ್ಕುಗಳು. ಹಾಲಿಡೇ ಅವರನ್ನು ಕೆಲವೇ ದಿನಗಳಲ್ಲಿ ಬಾಸ್ಟನ್‌ಗೆ ಕೊಟ್ಟು ಇನ್ನೆರಡು ಮೊದಲ ಸುತ್ತಿನ ಆಯ್ಕೆಗಳನ್ನು ಪಡೆಯಲಾಯಿತು. ಮಿಲ್ವಾಕೀ ಎರಡು ವರ್ಷವೂ ಮೊದಲ ಸುತ್ತಿನಲ್ಲೇ ಸೋತಿತು, 2025ರ ಏಪ್ರಿಲ್‌ನಲ್ಲಿ ಲಿಲ್ಲಾರ್ಡ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಜುಲೈನಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿ ಬಾಕಿ ಉಳಿದ ಸುಮಾರು 11.3 ಕೋಟಿ ಡಾಲರ್‌ಗಳನ್ನು ಐದು ವರ್ಷಗಳಿಗೆ ಹಂಚಿಕೊಂಡಿತು. ಪೋರ್ಟ್‌ಲೆಂಡ್ ಇನ್ನೆರಡು ವರ್ಷ ಕಾದಿದ್ದರೆ ಆ ಭಾರ ಅದರ ಲೆಕ್ಕದಲ್ಲಿರುತ್ತಿತ್ತು.

ವಾಷಿಂಗ್ಟನ್ ವಿಜಾರ್ಡ್ಸ್ ತಂಡಕ್ಕೆ ಅಷ್ಟು ಕೂಡ ಸಿಗಲಿಲ್ಲ. 2022ರಲ್ಲಿ ಬ್ರಾಡ್ಲಿ ಬೀಲ್ ಅವರಿಗೆ ಐದು ವರ್ಷಗಳಿಗೆ 25.1 ಕೋಟಿ ಡಾಲರ್ ಕೊಟ್ಟದ್ದಲ್ಲದೆ, ಅವರ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡಬಾರದೆಂಬ ಷರತ್ತನ್ನೂ ತಂಡ ಬರೆದುಕೊಟ್ಟಿತು. ಮರುವರ್ಷ ಕೊಡಬೇಕಾಗಿ ಬಂದಾಗ ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕು ಬೀಲ್ ಕೈಯಲ್ಲಿತ್ತು, ಮತ್ತು ಆ ದಿನ ಇನ್ನೂ 30 ತುಂಬಿರದ ಆಟಗಾರನಿಗೆ ಡ್ರಾಫ್ಟ್ ಹಕ್ಕುಗಳ ರೂಪದಲ್ಲಿ ಸಿಕ್ಕಿದ್ದು ಕೆಲವು ಅದಲುಬದಲಿನ ಹಕ್ಕುಗಳು ಮತ್ತು ಎರಡನೆಯ ಸುತ್ತಿನ ಆಯ್ಕೆಗಳಷ್ಟೇ. ಹೊಸದಾಗಿ ಕಟ್ಟಿಕೊಳ್ಳುವ ಸಾಧ್ಯತೆ ಕಾಣುತ್ತಿರುವ ಯಾವ ತಂಡವೂ ಈ ಷರತ್ತಿಗೆ ಸಹಿ ಹಾಕಬಾರದು.

ಯಾವ ತಂಡಕ್ಕೆ ಯಾವುದು

ನಿರ್ಧರಿಸುವ ಮುನ್ನ ನಾನು ಮೊದಲು ಕೇಳುವ ಪ್ರಶ್ನೆ ತಾರೆಯ ವಯಸ್ಸಿಗೆ ಸಂಬಂಧಿಸಿದ್ದಲ್ಲ. ತಂಡದಲ್ಲಿರುವ ಅತ್ಯುತ್ತಮ ಎಳೆಯ ಆಟಗಾರನಿಗೆ 25 ತುಂಬುವುದು ಯಾವಾಗ, ಆ ಹೊತ್ತಿಗೆ ತಾರೆಗೆ ಎಷ್ಟು ವರ್ಷವಾಗಿರುತ್ತದೆ? ತಂಡದ ಎಳೆಯನಿಗೆ ಇಂದು 20, ತಾರೆಗೆ 33 ಆದರೆ, ಎಳೆಯನ ಒಳ್ಳೆಯ ವರ್ಷಗಳು ಶುರುವಾಗುವ ಹೊತ್ತಿಗೆ ತಾರೆಗೆ 38. ಇಬ್ಬರ ಕಾಲ ಒಂದರ ಮೇಲೊಂದು ಬರುವುದಿಲ್ಲ, ಬಿಟ್ಟುಕೊಡಬೇಕು. ಎಳೆಯನಿಗೆ 23, ತಾರೆಗೆ 31 ಆದರೆ ಅದು ಹೊಸದಾಗಿ ಕಟ್ಟಿಕೊಳ್ಳಬೇಕಾದ ತಂಡವೇ ಅಲ್ಲ, ಅದಕ್ಕೆ ಬೇಕಾಗಿರುವುದು ಇನ್ನೊಬ್ಬ ಆಟಗಾರ. ಎರಡೂ ಕಾಲಗಳನ್ನು ಒಟ್ಟಿಗೆ ನಡೆಸುತ್ತೇವೆ ಎಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಪ್ರಯತ್ನಿಸಿತು. 2020ರ ಎರಡನೆಯ ಆಯ್ಕೆಯಾಗಿ ಬಂದ ಜೇಮ್ಸ್ ವೈಸ್‌ಮನ್ ಅವರನ್ನು 2023ರ ಫೆಬ್ರವರಿಯಲ್ಲಿ ಬಿಟ್ಟುಕೊಡಬೇಕಾಯಿತು, 2022ರ ಪ್ರಶಸ್ತಿಯನ್ನು ತಂದವರು ಸ್ಟೆಫ್ ಕರಿ ಮತ್ತು ಅವರ ಹಳೆಯ ಸಂಗಡಿಗರೇ.

ಎರಡನೆಯ ಪ್ರಶ್ನೆ, ತಂಡದ ಸ್ವಂತ ಆಯ್ಕೆಗಳು ಅದರ ಕೈಯಲ್ಲಿವೆಯೇ ಎಂಬುದು. ಹಿಂದಿನ ಟ್ರೇಡ್‌ಗಳಲ್ಲಿ ಅವನ್ನು ಕಳೆದುಕೊಂಡಿದ್ದರೆ ತಾರೆಯನ್ನು ಕಳಿಸಿ ಸೋಲುವುದರಿಂದ ಬೇರೆಯವರಿಗೆ ಮಾತ್ರ ಲಾಭ. ಅಂಥ ತಂಡ ಆಯ್ಕೆಗಳು ಮರಳುವವರೆಗೆ ತಾರೆಯನ್ನು ಇಟ್ಟುಕೊಂಡು ಗೌರವಯುತವಾಗಿ ಆಡುವುದೇ ಮೇಲು. ಮೂರನೆಯದು, ಒಪ್ಪಂದ. ಎರಡು ವರ್ಷ ಬಾಕಿಯಿರುವ ತಾರೆಗೆ ಕೊಳ್ಳುವವರು ಹೆಚ್ಚು, ಒಂದು ವರ್ಷ ಬಾಕಿಯಿದ್ದರೆ ಕಡಿಮೆ, ನಾಲ್ಕು ವರ್ಷ ಬಾಕಿಯಿದ್ದು ವಯಸ್ಸು 34 ದಾಟಿದ್ದರೆ ಇನ್ನೂ ಕಡಿಮೆ. 2023ರ ಹೊಸ ನಿಯಮಗಳಂತೆ ಅತಿ ಹೆಚ್ಚು ವೇತನ ಕೊಡುವ ತಂಡಗಳು ಹಲವು ಆಟಗಾರರ ವೇತನಗಳನ್ನು ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ಹೀಗಾಗಿ ಪ್ರಶಸ್ತಿಯ ಹತ್ತಿರವಿರುವ, ಹಿರಿಯ ತಾರೆಯನ್ನು ಬಯಸುವ ತಂಡಗಳಲ್ಲೇ ಕೆಲವಕ್ಕೆ ಕೊಳ್ಳುವ ದಾರಿ ಮುಚ್ಚಿದೆ. ಇದು ಬೇಗ ಮಾರುವುದರ ಪರವಾಗಿ ನಿಲ್ಲುವ ಇನ್ನೊಂದು ಕಾರಣ.

ಸಮಯದ ವಿಷಯದಲ್ಲಿ, ಋತುವಿನ ನಡುವೆ ಟ್ರೇಡ್‌ಗಳಿಗೆ ಕೊನೆಯ ದಿನವಾದ ಫೆಬ್ರವರಿಯ ಗಡುವಿಗಿಂತ ಜೂನ್ ಕೊನೆಯ ಡ್ರಾಫ್ಟ್‌ನ ದಿನಗಳು ನನಗೆ ಹೆಚ್ಚು ಒಳ್ಳೆಯವೆನಿಸುತ್ತವೆ. ಆಗ ಎಲ್ಲ ತಂಡಗಳೂ ಮಾತಿಗೆ ಸಿಗುತ್ತವೆ, ಆಯ್ಕೆಯ ಸ್ಥಾನ ನಿಖರವಾಗಿ ತಿಳಿದಿರುತ್ತದೆ, ಮತ್ತು ಋತುವಿನ ನಡುವೆ ಗಾಯವಾಗುವ ಅಪಾಯವಿರುವುದಿಲ್ಲ. ಮಾತುಕತೆ ಶುರುವಾಗುವ ಮುನ್ನ ತಾರೆಗೆ ನೇರವಾಗಿ ಹೇಳಿರಬೇಕು. ಗಾರ್ನೆಟ್ ಅವರ ಒಪ್ಪಂದದಲ್ಲಿ ಟ್ರೇಡ್ ಬೇಡವೆನ್ನುವ ಹಕ್ಕಿತ್ತು. ಅವರು ಅದನ್ನು ಬಿಟ್ಟುಕೊಟ್ಟದ್ದರಿಂದಲೇ ಬ್ರೂಕ್ಲಿನ್ ಟ್ರೇಡ್ ಸಾಧ್ಯವಾಯಿತು.

ಬಿಟ್ಟುಕೊಟ್ಟರೆ ಆ ಆಟಗಾರನಿಗೂ ಊರಿಗೂ ಇದ್ದ ನಂಟು ಹರಿದುಹೋಗುತ್ತದೆ ಎಂದು ಅಂಜುವವರು ಬಾಸ್ಟನ್‌ನ ಅಂಗಣದ ಚಾವಣಿಯನ್ನು ನೋಡಬಹುದು. ಪಿಯರ್ಸ್ ಅವರ 34 ಸಂಖ್ಯೆಯ ಅಂಗಿ 2018ರ ಫೆಬ್ರವರಿಯಲ್ಲಿ, ಗಾರ್ನೆಟ್ ಅವರ 5ನೆಯ ಸಂಖ್ಯೆಯದು 2022ರ ಮಾರ್ಚ್‌ನಲ್ಲಿ, ಇನ್ನಾರೂ ತೊಡದಂತೆ ಅಲ್ಲಿಗೆ ಏರಿದವು. ಲಿಲ್ಲಾರ್ಡ್ ಅವರಂತೂ 2025ರ ಜುಲೈನಲ್ಲಿ, ಮಿಲ್ವಾಕೀ ಬಿಡುಗಡೆ ಮಾಡಿದ ತಿಂಗಳಲ್ಲೇ, ಮೂರು ವರ್ಷಗಳಿಗೆ 4.2 ಕೋಟಿ ಡಾಲರ್‌ಗೆ ಪೋರ್ಟ್‌ಲೆಂಡ್‌ಗೇ ಮರಳಿ ಬಂದರು. ಆ ಹೊತ್ತಿಗೆ ಅವರ ಟ್ರೇಡ್‌ನಲ್ಲಿ ಬಂದಿದ್ದ ಕಮಾರಾ ಎನ್‌ಬಿಎಯ ಶ್ರೇಷ್ಠ ರಕ್ಷಣಾ ಆಟಗಾರರ ಎರಡನೆಯ ತಂಡಕ್ಕೆ ಆಯ್ಕೆಯಾಗಿದ್ದರು, ಮತ್ತು ಮಿಲ್ವಾಕೀ ಕೊಟ್ಟ 2029ರ ಆಯ್ಕೆಗೆ ಇನ್ನೂ ನಾಲ್ಕು ವರ್ಷಗಳಿದ್ದವು.